ಜೀಪಿನವರು ಕೊನೆಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಮುಚ್ಚಿಟ್ಟ ಎನ್ನಬಾರದು: ಜನರನ್ನು ಬದಲಾಯಿಸುವುದು ನನ್ನ ಕಸುಬು. ಔಷಧಿ ಕೊಟ್ಟಲ್ಲ, ಮಂತ್ರ ಹಾಕಿಯಲ್ಲ, ಬರೀ ಮಾತಾಡಿ. ಅದೂ ದಾರಿಯಲ್ಲಿ ಸಿಕ್ಕವರನ್ನಲ್ಲ. ಇಪ್ಪತ್ತೈದು ಮೂವತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತು, ಕುರ್ಚಿ ತಮಗೂ ತಾವು ಕುರ್ಚಿಗೂ ಒಗ್ಗಿಹೋಗಿರುವ ಹಿರಿಯ ಅಧಿಕಾರಿಗಳನ್ನು. ಈ ವಿಷಯ ಕೇಳಿದ ನೆಂಟರಿಷ್ಟರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಕಾಫಿ ಲೋಟ ಇಡುತ್ತಾ, "ಒದ್ದೆ ಟವೆಲ್ಲು ಮಂಚದ ಮ್ಯಾಲೆ ಹಾಕಬ್ಯಾಡ್ರಿ ಅಂತ ಮದುವೆಯಾದ ವರ್ಷದಿಂದ ಹೇಳ್ತಾ ಅದೀನಿ. ಅದೊಂದು ಬಿಟ್ಟು ಈ ಜಿಲ್ಲೆಯಾಗೆ ಬೇರೆ ಏನು ಬೇಕಾದ್ರೂ ಬದಲಾಯಿಸ್ತಾರೆ" ಎಂದು ಹೇಳಿ ಒಳಗೆ ಹೋಗುತ್ತಾಳೆ. ನಾನು ಆ ಹೊತ್ತಿಗೆ ಬಿಸ್ಕತ್ತು ತಿನ್ನುತ್ತಿರುತ್ತೇನೆ.

ನಾನು ಮೂಲತಃ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವನು. ಎರವಲು ಸೇವೆಯ ಮೇಲೆ ಚಿತ್ರದುರ್ಗದ ಒಂದು ತರಬೇತಿ ಸಂಸ್ಥೆಗೆ ಬಂದೆ. ಹಳೆಯ ರಾಜರ ಬಗ್ಗೆ ಪಾಠ ಮಾಡಿದವನಿಗೆ ಹಾಲಿ ಅಧಿಕಾರಿಗಳು ಏನು ಮಹಾ ಎಂದುಕೊಂಡಿದ್ದೆ. ಆದರೆ ಸತ್ತ ರಾಜರು ತರಗತಿಯ ನಡುವೆ ಫೋನ್ ಬಂತೆಂದು ಎದ್ದು ಹೋಗುವುದಿಲ್ಲ. ಇನ್ನೊಂದು ಸಣ್ಣ ನೋವೂ ಇತ್ತು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ. ಈ ಅಧಿಕಾರಿಗಳು ಪರಸ್ಪರ 'ಸರ್', 'ಸಾಹೇಬ್ರೇ' ಎಂದು ಕರೆದುಕೊಳ್ಳುತ್ತಿದ್ದರು. ನನ್ನನ್ನು ಮಾತ್ರ 'ಮೇಷ್ಟ್ರೇ' ಎನ್ನುತ್ತಿದ್ದರು. ಪ್ರೀತಿಯಿಂದಲೇ ಎನ್ನುತ್ತಿದ್ದರು, ಅದೇ ಕಷ್ಟ. ಮೇಷ್ಟ್ರು ಎನ್ನುವುದು ಎಂಥ ಗೌರವದ ಮಾತು ಎಂದು ನಾನೇ ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇನೆ. ಹಾಗಿದ್ದರೂ ಒಮ್ಮೆಯಾದರೂ ಯಾರಾದರೂ ನನ್ನನ್ನು ಅಧಿಕಾರಿ ಎಂದಾರೇ ಎಂದು ಕಿವಿ ಕಾಯುತ್ತಿತ್ತು.

ನಮ್ಮ ಶಿಬಿರ ಮೂರು ದಿನದ್ದು. ಹಿರಿಯ ಅಧಿಕಾರಿಗಳೇ ತಮ್ಮ ಕಚೇರಿಯಲ್ಲಿ ಬದಲಾವಣೆ ತರುವವರಾಗಬೇಕು ಎನ್ನುವುದು ವಿಷಯ. ಕರೆದದ್ದು ಇಪ್ಪತ್ತು ಜನರನ್ನು. ಆರು ಜನ ತಮ್ಮ ಬದಲು ಕೈಕೆಳಗಿನವರನ್ನು ಕಳಿಸಿದ್ದರು. ಕೆಲಸದ ಒತ್ತಡದಿಂದ ತಾವು ಬದಲಾಗಲು ಬರಲಾಗುತ್ತಿಲ್ಲ, ತಮ್ಮ ಪರವಾಗಿ ಇವರು ಬದಲಾಗುತ್ತಾರೆ ಎಂಬ ಅರ್ಥ ಬರುವ ಪತ್ರ ಅವರ ಕೈಯಲ್ಲಿತ್ತು. ನಾನು ಹಟವಾದಿ. ಆರೂ ಜನರಿಗೆ ಉಪ್ಪಿಟ್ಟು ತಿನ್ನಿಸಿ ವಾಪಸ್ ಕಳಿಸಿದೆ. ಉಳಿದ ಹದಿನಾಲ್ಕು ಜನ ಸಭಾಂಗಣಕ್ಕೆ ಬಂದು, ಯಾರೂ ಹೇಳದಿದ್ದರೂ, ಸೇವಾ ಹಿರಿತನದ ಪ್ರಕಾರ ಮುಂದಿನಿಂದ ಹಿಂದಕ್ಕೆ ಕೂತರು. ಇದನ್ನು ಮುರಿಯಬೇಕೆಂದು ನಾನೇ ಕುರ್ಚಿಗಳನ್ನು ಎಳೆದಾಡಿ ದುಂಡಗೆ ಇಟ್ಟೆ. ದುಂಡಗಿದ್ದರೆ ಮೊದಲು ಕೊನೆ ಇರುವುದಿಲ್ಲ, ಎಲ್ಲರೂ ಸಮ ಎಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಸಭಾಂಗಣದಲ್ಲಿ ನೆಟ್ಟಗೆ ತಿರುಗುವ ಫ್ಯಾನು ಒಂದೇ ಇರುವುದನ್ನು ಗಮನಿಸಿ, ಅದರ ಕೆಳಗೆ ಎಲ್ಲರಿಗಿಂತ ಹಿರಿಯರನ್ನು ಕೂರಿಸಿ, ಅವರ ಎಡಕ್ಕೂ ಬಲಕ್ಕೂ ಹಿರಿತನ ಇಳಿಯುತ್ತಾ ಹೋಗುವಂತೆ ಕೂತುಬಿಟ್ಟರು. ಗಾಳಿ ಬೀಸದ ಕಡೆ ಕೊನೆಯ ಇಬ್ಬರು ಮತ್ತು ನಾನು ಬೆವರುತ್ತಾ ಕೂತೆವು.

ಎರಡನೆಯ ದಿನ ಸಂಜೆ ಅವರನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋದೆ. ಕತ್ತಲ ಗುಹೆಯೊಳಗೆ ಹುದ್ದೆ ಕಾಣುವುದಿಲ್ಲ, ಕೈ ಹಿಡಿದುಕೊಂಡು ನಡೆಯಲೇಬೇಕು, ಅಲ್ಲಿ ಸಹಕಾರ ಕಲಿಯುತ್ತಾರೆ ಎನ್ನುವುದು ನನ್ನ ಲೆಕ್ಕಾಚಾರ. ಗುಹೆಯ ಬಾಯಿಗೆ ಬಂದ ಮೇಲೆ ಕಿರಿಯರು ಹಿರಿಯರಿಗಿಂತ ಮುಂಚೆ ಒಳಗೆ ಕಾಲಿಡಲು ಒಪ್ಪಲಿಲ್ಲ. ಎಲ್ಲರಿಗಿಂತ ಹಿರಿಯರಿಗೆ ಆ ಕತ್ತಲೊಳಗೆ ಮೊದಲು ಹೋಗಲು ಮನಸ್ಸಿರಲಿಲ್ಲ. "ನೀವು ಮೊದ್ಲು ಸರ್", "ಛೇ, ಛೇ, ನೀವು ಹೋಗ್ರಿ" ಎಂದು ಕಾಲು ಗಂಟೆ ಉಪಚಾರ ನಡೆಯಿತು. ಕಡೆಗೆ ನನ್ನನ್ನು ಮುಂದೆ ತಳ್ಳಿದರು. ಒಳಗೆ ಬಾವಲಿಯೊಂದು ಪಟಪಟ ಎಂದಾಗ ಹಿಂದಿರುಗಿ ಓಡುವುದರಲ್ಲಿ ಮಾತ್ರ ಯಾರೂ ಯಾರಿಗೂ ಕಾಯಲಿಲ್ಲ. ಅದನ್ನು ನಾನು ಸಹಕಾರ ಎಂದು ವರದಿಯಲ್ಲಿ ಬರೆದೆ.

ಮೂರನೆಯ ದಿನ ನಿಜವಾದ ಪರೀಕ್ಷೆ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, "ನಿಮ್ಮ ಕಚೇರಿಯಲ್ಲಿ ನೀವೇ ಮಾಡುವ ಒಂದೇ ಒಂದು ಬದಲಾವಣೆ ಬರೆಯಿರಿ" ಎಂದೆ. ಹತ್ತು ನಿಮಿಷವಾದರೂ ಒಂದು ಪೆನ್ನೂ ಅಲುಗಲಿಲ್ಲ. ಏನು ತೊಂದರೆ ಎಂದು ನನಗೆ ಹೊಳೆಯಲಿಲ್ಲ. ಆಮೇಲೆ ತಿಳಿಯಿತು: ಇವರೆಲ್ಲ ಖಾಲಿ ಹಾಳೆಯ ಮೇಲೆ ಬರೆದು ಎಷ್ಟೋ ವರ್ಷವಾಗಿತ್ತು. ಕೆಳಗಿನವರು ಕರಡು ಬರೆದು ಕಡತದಲ್ಲಿಟ್ಟು ಮುಂದಿಡಬೇಕು, ಇವರು ಅದರಲ್ಲಿ ಎರಡು ಪದ ಹೊಡೆದು ಸಹಿ ಹಾಕಬೇಕು. ಅದು ಪದ್ಧತಿ. ಇಲ್ಲಿ ಮುಂದಿಡುವವರೇ ಇಲ್ಲ. ಕಡೆಗೆ ಎಲ್ಲರಿಗಿಂತ ಕಿರಿಯ ಅಧಿಕಾರಿ ಕಚೇರಿಗೆ ಹೊತ್ತಿಗೆ ಸರಿಯಾಗಿ ಬರುತ್ತೇನೆ ಎಂದು ಬರೆದರು. ಆ ಹಾಳೆ ಕೈಯಿಂದ ಕೈಗೆ ಮೇಲೇರುತ್ತಾ ಹೋಯಿತು. ಒಬ್ಬರು 'ಸಹಮತವಿದೆ' ಎಂದು ಸಹಿ ಮಾಡಿದರು, ಮತ್ತೊಬ್ಬರು 'ಪರಿಶೀಲಿಸಬಹುದು' ಎಂದರು, ಫ್ಯಾನಿನ ಕೆಳಗಿನವರು 'ಚರ್ಚಿಸಿ' ಎಂದು ಬರೆದು ಹಾಳೆಯನ್ನು ಕೆಳಕ್ಕೆ ಕಳಿಸಿದರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆಗ, ಮೂರು ದಿನವೂ ಗಾಳಿಯಿಲ್ಲದ ಕಡೆ ಕೂತು ತೂಕಡಿಸುತ್ತಿದ್ದ ಪಾಲಾಕ್ಷಪ್ಪ ಎನ್ನುವವರು ಕಣ್ಣು ಬಿಟ್ಟು, "ಮೇಷ್ಟ್ರೇ, ಒಂದೇ ಸಾಕಾ?" ಎಂದರು. ಹೊಸದುರ್ಗದ ಕಡೆಯವರು, ಬಡ್ತಿ ತಡವಾಗಿ ಸಿಕ್ಕಿ ಹಿರಿಯೂರಿನಲ್ಲಿ ಒಂದು ಕಚೇರಿಯ ಮುಖ್ಯಸ್ಥರಾಗಿದ್ದರು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ಬೇರೆ ಇಲಾಖೆಯವರಿಗೆ ಬೇಜಾರು. "ಒಂದೇ ಸಾಕು. ಆದರೆ ನೀವೇ ಮಾಡಬೇಕು, ಸುತ್ತೋಲೆ ಹೊರಡಿಸಬಾರದು" ಎಂದೆ. ಅವರು "ಆತು ಬಿಡ್ರಿ" ಎಂದು ಮತ್ತೆ ಕಣ್ಣು ಮುಚ್ಚಿದರು.

ಎರಡು ತಿಂಗಳಾದ ಮೇಲೆ ನಮ್ಮ ನಿರ್ದೇಶಕಿ ಮೇಡಂ ನನ್ನನ್ನು ಕರೆದರು. ಅವರು ಗಟ್ಟಿ ಹೆಂಗಸು, ಮಾತು ಕಡಿಮೆ. "ನಿಮ್ಮ ಶಿಬಿರ ಮುಂದುವರಿಸಬೇಕೋ ಬೇಡವೋ ಅಂತ ಗುರುವಾರ ಸಂಜೆ ಬೆಂಗಳೂರಿನಲ್ಲಿ ತೀರ್ಮಾನ ಆಗ್ತದೆ. ಅವತ್ತು ಸಂಜೆ ನಾಲ್ಕರೊಳಗೆ ನನಗೆ ಒಂದು ಕಚೇರಿ ತೋರಿಸಿ. ಒಂದೇ ಒಂದು. ಅಲ್ಲಿ ಏನಾದರೂ ನಿಜವಾಗಿ ಬದಲಾಗಿರಬೇಕು, ನಮ್ಮ ನಮೂನೆಯಲ್ಲಿ ಅಲ್ಲಿನ ಅಧಿಕಾರಿ ಅದಕ್ಕೆ ಸಹಿ ಹಾಕಿರಬೇಕು. ಇಲ್ಲದಿದ್ದರೆ ನೀವು ವಾಪಸ್ ಕಾಲೇಜಿಗೆ" ಎಂದರು. ಕಾಲೇಜಿಗೆ ಹೋಗುವುದು ಅವಮಾನವೇನಲ್ಲ. ಆದರೆ ಹದಿನಾಲ್ಕು ಜನರಲ್ಲಿ ಒಬ್ಬರೂ ಅಲುಗಲಿಲ್ಲ ಎಂಬ ಸೋಲನ್ನು ಹೊತ್ತುಕೊಂಡು ಹೋಗುವುದು ನನ್ನಿಂದ ಆಗದು ಎನಿಸಿತು. ಶಿಬಿರ ಉಳಿಸಿಯೇ ಉಳಿಸುತ್ತೇನೆಂದು ಗಟ್ಟಿ ಮನಸ್ಸು ಮಾಡಿ, ಸಂಸ್ಥೆಯ ಜೀಪು ಹತ್ತಿದೆ.

ಮೂರು ದಿನ ಸುತ್ತಿದೆ. ಹೊಳಲ್ಕೆರೆಯ ಅಧಿಕಾರಿ ಎದ್ದು ನಿಂತು ಕೈ ಮುಗಿದು, "ಬರ್ರಿ ಮೇಷ್ಟ್ರೇ, ನಿಮ್ಮ ಬದಲಾವಣೆ ಜೋರಾಗಿ ನಡದೈತೆ" ಎಂದರು. ಬದಲಾವಣೆಗೆಂದೇ ಒಂದು ಹೊಸ ಕಡತ ತೆರೆದು, ಅದಕ್ಕೆ ಒಬ್ಬ ಗುಮಾಸ್ತರನ್ನು ನೇಮಿಸಿದ್ದರು. ಕಡತ ಎಲ್ಲಿ ಎಂದರೆ ಗುಮಾಸ್ತರು ರಜೆಯಲ್ಲಿದ್ದರು, ಬೀರುವಿನ ಕೀಲಿ ಅವರ ಜೇಬಿನಲ್ಲಿತ್ತು. ಅಲ್ಲಿಂದ ಚಿಕ್ಕಜಾಜೂರಿಗೆ ಹೋಗಿ ಗೇಟು ಹಾಕಿದ್ದಕ್ಕೆ ಗೂಡ್ಸ್ ಗಾಡಿ ದಾಟುವವರೆಗೆ ಕಾದು, ಒಂದು ಉಪಕಚೇರಿ ನೋಡಿದೆ. ಅಲ್ಲಿ ಅಧಿಕಾರಿಯೇ ಬದಲಾಗಿ ಬೇರೆಯವರು ಬಂದಿದ್ದರು. ಹೊಸದುರ್ಗದಲ್ಲಿ ಮೇಜು ಪೂರ್ವದಿಂದ ಉತ್ತರಕ್ಕೆ ತಿರುಗಿತ್ತು. "ಹೆಂಗೈತೆ ಬದಲಾವಣೆ? ಕುಂತ್ರೆ ಮನಸ್ಸಿಗೆ ಆರಾಮು" ಎಂದು ಆ ಅಧಿಕಾರಿ ನನಗೂ ಆ ಕುರ್ಚಿಯಲ್ಲಿ ಒಂದು ನಿಮಿಷ ಕೂರಲು ಹೇಳಿದರು. ಕೂತೆ. ಆರಾಮಾಗಿಯೇ ಇತ್ತು. ಗುರುವಾರದ ಹೊತ್ತಿಗೆ ಉಳಿದದ್ದು ಹಿರಿಯೂರಿನ ಪಾಲಾಕ್ಷಪ್ಪನವರೊಬ್ಬರೇ, ಅವರ ಮೇಲೆ ನನಗೆ ಏನೇನೂ ಭರವಸೆ ಇರಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ, ಹೆಚ್ಚುಕಡಿಮೆ ಊಟದ ಹೊತ್ತಿಗೆ, ಹಿರಿಯೂರು ತಲುಪಿದೆ. ಕಚೇರಿಯ ವರಾಂಡದಲ್ಲಿ ಎರಡು ಉದ್ದ ಬೆಂಚುಗಳು, ಅವುಗಳ ತುಂಬ ಜನ. ಬಾಗಿಲಲ್ಲಿ ಓಬಯ್ಯ ಎಂಬ ಜವಾನ. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಒಂದು ಹಾಳೆ. ನಾನು ನೇರ ಒಳಗೆ ಹೊರಟಾಗ ಅಡ್ಡ ನಿಂತು, "ಯಾವ ಬಸ್ಸಿಗೆ ವಾಪಸ್ ಹೋಗ್ತೀರಿ?" ಎಂದ. ನನಗೆ ಅರ್ಥವಾಗಲಿಲ್ಲ. ಸಾಹೇಬರನ್ನು ನೋಡಬೇಕು, ಚಿತ್ರದುರ್ಗದಿಂದ ಬಂದಿದ್ದೇನೆ ಎಂದೆ. "ಅದು ಸರಿ. ವಾಪಸ್ ಯಾವ ಬಸ್ಸಿಗೆ?" ನಾನು ಸ್ವಲ್ಪ ಗತ್ತಿನಿಂದ, "ಬಸ್ಸಲ್ಲ, ಜೀಪಿದೆ" ಎಂದೆ. "ಹಂಗಾರೆ ಕೊನಿಗೆ ರೀ. ಜೀಪಿನೋರು, ಕಾರಿನೋರು ಎಲ್ಲಾ ಕೊನಿಗೆ. ಬಸ್ಸಿನೋರದು ಮೊದ್ಲು ಆಗ್ಲಿ. ಕುಂತ್ಕಳ್ರಿ" ಎಂದು ಬೆಂಚಿನ ತುದಿ ತೋರಿಸಿದ. ಪಕ್ಕದಲ್ಲಿ ಕಂಬಳಿ ಮಡಚಿಕೊಂಡು ಕೂತಿದ್ದ ಮುದುಕಿ ವಿವರಿಸಿದಳು. ಐಮಂಗಲದ ಆಚೆಯ ಹಟ್ಟಿಯವಳು, ಹೆಸರು ಕರಿಯಮ್ಮ. "ಈಗ ಎಲ್ಡು ತಿಂಗಳಿಂದ ಹಿಂಗೇ ಕಣಪ್ಪ. ಯಾರ ಬಸ್ಸು ಮೊದ್ಲು ಹೋಗ್ತೈತೋ ಅವ್ರನ್ನ ಮೊದ್ಲು ಬಿಡ್ತಾರೆ. ನಮ್ಮ ಹಟ್ಟಿ ಬಸ್ಸು ಒಂದೂವರೆಗೆ. ತಪ್ಪಿದ್ರೆ ಐದೂವರೆವರ್ಗೂ ಇಲ್ಲ. ಮರಿ ಹಾಕಿರೋ ಕುರಿ ಅವೆ, ಸೊಸೆ ಒಬ್ಳೇ. ಇದಕ್ಕೂ ಮುಂಚೆ ಇಲ್ಲಿಗೆ ಬಂದ್ರೆ ಇಡೀ ದಿನಾ ಕುಂತು ಹೋಗ್ತಿದ್ವಿ."

ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಬದಲಾವಣೆ! ಕಡತವಲ್ಲ, ಮೇಜಲ್ಲ, ಬೆಂಚಿನ ಮೇಲೆ ಕೂತ ಜೀವಂತ ಬದಲಾವಣೆ. ಓಬಯ್ಯನನ್ನು ತಬ್ಬಿಕೊಳ್ಳಬೇಕೆನಿಸಿತು. ಈ ಖುಷಿ ಎಷ್ಟು ಹೊತ್ತು ಇತ್ತು ಎಂದರೆ, ನಾನು ಗಡಿಯಾರ ನೋಡುವವರೆಗೆ. ಪಾಲಾಕ್ಷಪ್ಪನವರ ಸಹಿ ಇರುವ ನಮೂನೆ ನಾಲ್ಕಕ್ಕೆ ಚಿತ್ರದುರ್ಗದಲ್ಲಿರಬೇಕು. ಬೆಂಚಿನ ಮೇಲೆ ಹದಿನೆಂಟು ಜನ ಇದ್ದರು. ಓಬಯ್ಯನ ಹಾಳೆಯ ಪ್ರಕಾರ ನನ್ನ ಸರದಿ ಬರುವುದು ನಾಲ್ಕರ ಮೇಲೆ. ಎದ್ದು ಹೋಗಿ, ನಾನೂ ಬಸ್ಸಿಗೇ ಹೋಗುವವನು ಎಂದೆ. ಓಬಯ್ಯ ಕಿಟಕಿಯಿಂದ ಹೊರಗೆ, ಸರ್ಕಾರಿ ಬೋರ್ಡು ಹಾಕಿಕೊಂಡು ನಿಂತಿದ್ದ ನಮ್ಮ ಜೀಪನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆಗ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು: "ನಾನು ಯಾರು ಗೊತ್ತೇನಪ್ಪ ನಿನಗೆ? ಈ ಬದಲಾವಣೆ ನಿಮ್ಮ ಸಾಹೇಬರಿಗೆ ಹೇಳಿಕೊಟ್ಟವನೇ ನಾನು!" ಓಬಯ್ಯ ಶಾಂತವಾಗಿ, "ಹಂಗಾರೆ ನಿಮಗೆ ಗೊತ್ತೇ ಇರ್ತೈತಲ್ರಿ. ಕುಂತ್ಕಳ್ರಿ" ಎಂದ.

ಕೂತೆ. ಆದರೆ ಗಟ್ಟಿ ಮನಸ್ಸು ಮಾಡಿದವನು ಸುಮ್ಮನೆ ಕೂರುತ್ತಾನೆಯೇ? ಶಿಬಿರ ಉಳಿದರೆ ಇಂಥ ಇಪ್ಪತ್ತು ಕಚೇರಿ ಆಗುತ್ತವೆ, ಅದಕ್ಕಾಗಿ ಒಂದು ಸಲ ಸರದಿ ತಪ್ಪಿದರೆ ತಪ್ಪೇನು ಎಂದು ನನಗೆ ನಾನೇ ಪಾಠ ಮಾಡಿಕೊಂಡು, ಮೊಬೈಲು ತೆಗೆದು ಪಾಲಾಕ್ಷಪ್ಪನವರಿಗೇ ಫೋನ್ ಮಾಡಿದೆ. "ಅಯ್ಯೋ ಮೇಷ್ಟ್ರೇ, ಹೊರಗೆ ಯಾಕ್ರಿ ಕುಂತೀರಿ, ಬರ್ರಿ, ಬರ್ರಿ" ಎಂದರು. ಒಂದೂ ಹತ್ತಾಗಿತ್ತು. ಓಬಯ್ಯ ಅದೇ ತಾನೇ ಕರಿಯಮ್ಮನ ಹೆಸರು ಕೂಗಿದ್ದ. ಅವಳು ಕಂಬಳಿ ಹೆಗಲಿಗೇರಿಸಿ ಬಾಗಿಲಿಗೆ ಬಂದಿದ್ದಳು. ಪಾಲಾಕ್ಷಪ್ಪನವರು ಒಳಗಿನಿಂದ ಗಂಟೆ ಬಾರಿಸಿ ನನ್ನನ್ನು ಬಿಡಲು ಹೇಳಿದರು. ಮುದುಕಿ ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. "ಹೋಗ್ರಿ ಹೋಗ್ರಿ, ಸಾಹೇಬ್ರಿಗೆ ಮೊದ್ಲು ಆಗ್ಲಿ" ಎಂದು ತಾನೇ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಳು. ಎಷ್ಟೋ ವರ್ಷ ಹಾಗೆ ಸರಿದು ಅಭ್ಯಾಸವಾದ ಸರಿಯುವಿಕೆ ಅದು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಒಳಗೆ ಹೋದೆ.

ಪಾಲಾಕ್ಷಪ್ಪನವರಿಗೆ ನನ್ನನ್ನು ನೋಡಿ ಹಬ್ಬ. ಟೀ ತರಿಸಿದರು. ಈ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದೆ. "ನೀವೇ ಹೇಳಿದ್ರಲ್ರಿ, ಶಿಬಿರದಾಗೆ, ಟೀ ಹೊತ್ನಾಗೆ. ದಿನಾ ಕೇಳೋ ಪ್ರಶ್ನೆ ಒಂದು ಬದಲಾಯಿಸ್ರಿ ಸಾಕು ಅಂತ. ಇಲ್ಲಿ ಬಾಗಿಲಾಗೆ ಮೊದ್ಲು ಕೇಳ್ತಿದ್ದಿದ್ದು 'ಯಾರ ಕಡೆಯೋರು?' ಅಂತ. ಈಗ 'ಯಾವ ಬಸ್ಸಿಗೆ ಹೋಗ್ತೀರಿ?' ಅಂತ ಕೇಳ್ತೀವಿ. ಅಷ್ಟೇಯ." ನಾನು ಹಾಗೆ ಹೇಳಿದ್ದೇ ನನಗೆ ನೆನಪಿರಲಿಲ್ಲ. ಮೊದಲ ವಾರ ಬಹಳ ಕಷ್ಟವಾಯಿತಂತೆ. ಊರಿನ ದೊಡ್ಡವರು ಬಂದು ರೇಗಿದರು, ಮುಖಂಡರ ಕಡೆಯವರು ಮೇಜು ಗುದ್ದಿದರು, ಮೇಲಧಿಕಾರಿಯೊಬ್ಬರು ಕಾರಿನಲ್ಲಿ ಬಂದು ಮೂರು ಗಂಟೆ ಕಾದು ಮುಖ ಕೆಂಪಗೆ ಮಾಡಿಕೊಂಡು ಹೋದರು. "ಯಾರಿಗೂ ಬಿಡ್ಲಿಲ್ಲ ಮೇಷ್ಟ್ರೇ. ನಿವೃತ್ತಿ ಹತ್ರ ಬಂದೈತೆ, ಇದೊಂದಾದ್ರೂ ನೆಟ್ಟಗೆ ಮಾಡಾಣ ಅಂತ ಹಟ ಹಿಡ್ದೆ. ಎಲ್ಡು ತಿಂಗ್ಳಾತು, ಒಬ್ರೂ ಸಾಲು ಮುರ್ದಿಲ್ಲ" ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, ಸ್ವಲ್ಪ ದುಃಖದಿಂದ, "ನೀವೇ ಮೊದ್ಲು" ಎಂದರು. ನಾನು ಟೀ ಲೋಟ ಮೇಜಿನ ಮೇಲಿಟ್ಟೆ.

ನಮೂನೆ ತೆಗೆದು ತುಂಬಿದೆ. ಆದ ಬದಲಾವಣೆ ಏನು, ಯಾರಿಂದ, ಯಾವಾಗಿನಿಂದ, ಎಲ್ಲ ಬರೆದೆ. ಕೊನೆಯ ಕಾಲಂ 'ಬದಲಾವಣೆಗೆ ಅಡ್ಡಿಪಡಿಸಿದವರು, ಹೆಸರು ಮತ್ತು ಹುದ್ದೆ' ಎಂದಿತ್ತು. ಆ ನಮೂನೆಯನ್ನು ರೂಪಿಸಿದವನು ನಾನೇ. ಬೇರೆಯವರನ್ನು ಹಿಡಿಯಲೆಂದು ಬಹಳ ಜಾಣತನದಿಂದ ಸೇರಿಸಿದ ಕಾಲಂ ಅದು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತು, ನನ್ನ ಹೆಸರು, ನನ್ನ ಹುದ್ದೆ ಬರೆದೆ. ಪಾಲಾಕ್ಷಪ್ಪನವರು ಓದಿದರು. ಛೇ, ಇದ್ಯಾಕೆ ಎನ್ನುತ್ತಾರೆಂದು ಕಾದೆ. ಅವರು ಸಹಿ ಹಾಕಿದರು.

ಹೊರಗೆ ಬಂದಾಗ ಒಂದೂ ನಲವತ್ತು. ಕರಿಯಮ್ಮನ ಬಸ್ಸು ಹೋಗಿತ್ತು. "ಅಜ್ಜಿ, ನಾನು ಐಮಂಗಲದ ಮೇಲೇ ಹೋಗುವುದು. ಜೀಪಿನಲ್ಲಿ ನಿಮ್ಮ ಹಟ್ಟಿಗೇ ಬಿಡುತ್ತೇನೆ. ಬೇಗ ಒಳಗೆ ಹೋಗಿ ಕೆಲಸ ಮುಗಿಸಿಕೊಂಡು ಬನ್ನಿ" ಎಂದೆ. ಓಬಯ್ಯ ಹಾಳೆಯಿಂದ ತಲೆ ಎತ್ತಿ, "ಅಜ್ಜಿ ಜೀಪಿಗೆ ಹೋಗೋದಾದ್ರೆ ಕೊನಿಗೆ ರೀ. ಎರಡು ಗಂಟೆ ಬಸ್ಸಿನೋರು ಕಾಯ್ತಾ ಅವ್ರೆ" ಎಂದ. ನಾನು ಏನೇನೋ ಹೇಳಿದೆ. ಅವನು ನನ್ನ ಮಾತನ್ನು ಪೂರ್ತಿ ಕೇಳಿ, ಮುಂದಿನವರ ಹೆಸರು ಕೂಗಿದ. ಕೈ ಮತ್ತೆ ಮೊಬೈಲಿಗೆ ಹೋಯಿತು. ಇನ್ನೊಂದು ಸಲ ಫೋನ್ ಮಾಡಿದರೆ ಪಾಲಾಕ್ಷಪ್ಪನವರು ಅದಕ್ಕೂ ಇಲ್ಲ ಎನ್ನುವವರಲ್ಲ. ಮಾಡಲಿಲ್ಲ. ಮುದುಕಿಯನ್ನು ಬಿಟ್ಟು ಓಡಿದ್ದರೆ ನಾಲ್ಕಕ್ಕೆ ತಲುಪುತ್ತಿದ್ದೆ. ಅದನ್ನೂ ಮಾಡಲಿಲ್ಲ. ಶಿಬಿರ ಹೋದರೆ ಹೋಗಲಿ, ಈ ಹೆಂಗಸನ್ನು ಹಟ್ಟಿಗೆ ಮುಟ್ಟಿಸದೆ ಕದಲುವುದಿಲ್ಲ ಎಂದು ಕರಿಯಮ್ಮನ ಪಕ್ಕದಲ್ಲಿ ಕೂತೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿಗಡಲೆ ಕೊಟ್ಟಳು. ಸೊಸೆ ಕುರಿಗಳಿಗೆ ನೀರು ತೋರಿಸಿದಳೋ ಇಲ್ಲವೋ ಎಂದು ಇಬ್ಬರೂ ಚಿಂತೆ ಮಾಡಿದೆವು.

ಮೂರೂವರೆಗೆ ಮೇಡಂಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ ಎಂದೆ. "ಸಹಿ ಆಗಿದೆಯಲ್ಲ? ಅಲ್ಲಿಂದಲೇ ಓದಿ ಹೇಳಿ, ಬರೆದುಕೊಳ್ತೀನಿ" ಎಂದರು. ಆ ವರಾಂಡದಲ್ಲಿ ಸಿಗ್ನಲ್ಲು ಸರಿಯಾಗಿ ಸಿಗುತ್ತಿರಲಿಲ್ಲ. ಇಡೀ ಬೆಂಚಿಗೆ ಕೇಳುವಂತೆ ಕಿರುಚಿ ಓದಬೇಕಾಯಿತು. ಬಸ್ಸಿನ ವಿಷಯ ಬಂದಾಗ ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಕೊನೆಯ ಕಾಲಂ ಬಂತು. ನನ್ನ ಹೆಸರನ್ನು ನಾನೇ ಎರಡು ಸಲ ಕೂಗಿ ಹೇಳಿದೆ; ಮೊದಲ ಸಲ ಮೇಡಂಗೆ ಕೇಳಿಸಲಿಲ್ಲ. ಆಮೇಲೆ, "ನಮ್ಮ ಸಂಸ್ಥೆಯವರ ಹೆಸರು ಬೇಡ, ಚೆನ್ನಾಗಿ ಕಾಣಲ್ಲ. ಅಡ್ಡಿಪಡಿಸಿದವರು 'ಒಬ್ಬ ಹಿರಿಯ ಅಧಿಕಾರಿ' ಅಂತ ಹಾಕ್ತೀನಿ" ಎಂದರು.

ಶಿಬಿರ ಉಳಿಯಿತು, ಮುಂದಿನ ತಂಡ ಬರುವ ತಿಂಗಳು. ಆ ದಿನ ಕರಿಯಮ್ಮನನ್ನು ಹಟ್ಟಿಗೆ ಬಿಟ್ಟು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಆದರೆ ಇಷ್ಟು ಹೇಳಿದವನು ಇದೊಂದನ್ನು ಮುಚ್ಚಿಡಬಾರದು. ಮೇಡಂ ಫೋನಿನಲ್ಲಿ ಆ ಮಾತು ಹೇಳಿದಾಗ, ಹದಿನಾಲ್ಕು ಜನರನ್ನು ತಿದ್ದಲು ಹೊರಟ ನಾನು, ಬೆಂಚಿನ ತುದಿಯಲ್ಲಿ ಹುರಿಗಡಲೆ ತಿನ್ನುತ್ತಾ ಕೂತಿದ್ದವನು, ನೆಟ್ಟಗೆ ಕೂತು ಕಾಲರ್ ಸರಿಮಾಡಿಕೊಂಡೆ. 'ಅಡ್ಡಿ' ಎಂದದ್ದು ನನಗೆ ಕೇಳಿಸಲೇ ಇಲ್ಲ. 'ಹಿರಿಯ ಅಧಿಕಾರಿ' ಎಂದದ್ದು ಮಾತ್ರ, ಅಷ್ಟು ಕೆಟ್ಟ ಸಿಗ್ನಲ್ಲಿನಲ್ಲೂ, ಬಹಳ ಚೆನ್ನಾಗಿ ಕೇಳಿಸಿತು.